ನಿಷೇಧ ಫಲಕದ ನೆರಳಿನಲ್ಲಿ ಬೀಡಿ ಸೇದುವುದರ ಕುರಿತು

ಸಂಖ್ಯೆ: ಹೊಗೆ/ನೆರಳು/ಬಸ್‌ಸ್ಟಾಪ್/ಮರುಸುತ್ತೋಲೆ
ದಿನಾಂಕ: ಬೇಸಿಗೆಯ ಒಂದು ಸೋಮವಾರ

ವಿಷಯ: ಇರಕಲ್ಲಗಡ ರಸ್ತೆಯ ಬಸ್ ನಿಲುಗಡೆಯಲ್ಲಿ ಧೂಮಪಾನ ನಿಷೇಧವನ್ನು, ಕೆಳಸಹಿದಾರರೂ ಸೇರಿದಂತೆ, ಜಾರಿಗೊಳಿಸುವ ಬಗ್ಗೆ.

ಉಲ್ಲೇಖ: (೧) ಇದೇ ಇಲಾಖೆಯ ಹಿಂದಿನ ಸುತ್ತೋಲೆ (ಯಾರೂ ಓದಿಲ್ಲ).
(೨) ಕುಮಾರಿ ಗಂಗಾ ಇವರ ಮೌಖಿಕ ದೂರು (ಎಲ್ಲರೂ ಕೇಳಿದ್ದಾರೆ).

ಪ್ರಸ್ತಾವನೆ:

ಸದರಿ ನಿಲುಗಡೆಯಲ್ಲಿದ್ದ ಬೇವಿನ ಮರ ರಸ್ತೆ ಅಗಲವಾಗುವಾಗ ಹೋಗಿದ್ದು, ಅದೇ ಜಾಗದಲ್ಲಿ ಆರೋಗ್ಯ ನಿರೀಕ್ಷಕರಾದ ಕೆಳಸಹಿದಾರರು 'ಇಲ್ಲಿ ಧೂಮಪಾನ ನಿಷೇಧಿಸಲಾಗಿದೆ' ಎಂಬ ಫಲಕ ನಿಲ್ಲಿಸಿದರು. ಅಕ್ಷರ ದೂರಕ್ಕೆ ಕಾಣಲೆಂದು ಅದನ್ನು ಎತ್ತಿನ ಬಂಡಿಯಷ್ಟು ಅಗಲ ಮಾಡಿಸಿದ್ದೂ ಅವರದೇ ಬುದ್ಧಿ. ಪರಿಣಾಮವಾಗಿ ಈಗ ನಿಲುಗಡೆಯಲ್ಲಿರುವ ನೆರಳೆಂದರೆ ಫಲಕದ್ದು ಮಾತ್ರ. ಸೇದುವವರು, ಸೇದದವರು, ಕೂಸು ಎತ್ತಿಕೊಂಡವರು, ಕಾಲೇಜಿನ ಹುಡುಗಿಯರು ಎಲ್ಲರೂ ಅದರಡಿ ಒತ್ತಿಕೊಂಡು ನಿಲ್ಲುತ್ತಿದ್ದು, ಚೆದುರಿಹೋಗುತ್ತಿದ್ದ ಹೊಗೆಯನ್ನು ಇಲಾಖೆಯೇ ಒಂದೆಡೆ ಕೂಡಿಸಿಕೊಟ್ಟಂತಾಗಿದೆ. ವಿಚಾರಿಸಲಾಗಿ ಕುರಿ ಕಾಯುವ ಪಕ್ಕೀರಪ್ಪ ಇವರು, "ಬೋರ್ಡ್ ಓದೀನ್ರಿ ಸಾಹೇಬ್ರ, ಭಾಳ ಛಲೋ ಬರಸೀರಿ. ಆದ್ರ ಬಿಸಿಲಾಗ ನಿಂತು ಸೇದಿದ್ರ ತಲಿ ತಿರಗತೈತ್ರಿ" ಎಂದು ಆರೋಗ್ಯದ ಕಾರಣವನ್ನೇ ಮುಂದಿಟ್ಟಿದ್ದಾರೆ. ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

೧. ನಿಲುಗಡೆಯೆಲ್ಲ ಮೊದಲೇ ನಿಷೇಧಿತ ಪ್ರದೇಶ. ಫಲಕದ ನೆರಳನ್ನು ಅತಿ ನಿಷೇಧಿತ ಪ್ರದೇಶವೆಂದು ಘೋಷಿಸಲಾಗಿದೆ. ನೆರಳು ಸರಿದಂತೆ ಅತಿ ನಿಷೇಧವೂ ಸರಿಯತಕ್ಕದ್ದು. ಮೋಡ ಕವಿದ ದಿನ ಅದು ಎಲ್ಲಿರುತ್ತದೆ ಎಂಬ ಬಗ್ಗೆ ಮೇಲಧಿಕಾರಿಗಳಿಂದ ಸ್ಪಷ್ಟೀಕರಣ ಕೋರಲಾಗಿದೆ.

೨. ಚಹಾದಂಗಡಿಯ ಜಿಲಾನಿ ಇವರು ಬೀಡಿ ಹೊತ್ತಿಸಿಕೊಳ್ಳುವವರಿಗಾಗಿ ಕಂಬಕ್ಕೆ ಕಟ್ಟಿರುವ ಕಿಡಿಯ ಹಗ್ಗವನ್ನು ತೆಗೆಯಲು ತಿಳಿಸಿದಾಗ, "ಸೇದಾವ್ರು ಅವ್ರು, ಮಾರಾವ್ರು ಆ ಕಡಿ ಅಂಗಡ್ಯಾವ್ರು. ನಂದು ಬರೇ ಹಗ್ಗ ಐತ್ರಿ" ಎಂದಿರುತ್ತಾರೆ. ಹಗ್ಗವು ಇಡೀ ದಿನ ಸಾರ್ವಜನಿಕ ಸ್ಥಳದಲ್ಲಿ ಹೊಗೆ ಬಿಡುತ್ತಿರುವುದು ಕಂಡುಬಂದಿದ್ದರಿಂದ ಹಗ್ಗಕ್ಕೇ ಕಾರಣ ಕೇಳಿ ನೋಟಿಸು ಕಟ್ಟಲಾಯಿತು. ನೋಟಿಸಿನ ಒಂದು ಮೂಲೆ ಸುಟ್ಟಿದ್ದು, ಅದನ್ನು ಸ್ವೀಕೃತಿಯೆಂದು ಪರಿಗಣಿಸಲಾಗಿದೆ.

೩. ದಂಡ ಹಾಕಲು ಹೋದವರಿಗೆ ಮೊದಲು ಬೀಡಿ ಚಾಚುವುದು ಈ ಭಾಗದ ರೂಢಿ. ಬೇಡವೆಂದರೆ ಮುಂದೆ ಮಾತಿಲ್ಲ, ಮಾತಿಲ್ಲದೆ ದಂಡವಿಲ್ಲ. "ಮದ್ಲ ಒಂದ್ ಹಚ್ಚರಿ, ಆಮ್ಯಾಲ ದಂಡ ಹಾಕೀರಂತ. ನಾವೇನು ಓಡಿ ಹೊಕ್ಕೀವೇನ್ರಿ?" ಎಂಬ ಪಕ್ಕೀರಪ್ಪನವರ ಮಾತನ್ನು ಕಡತಕ್ಕೆ ಸೇರಿಸಲಾಗಿದೆ. ಇನ್ನು ಮುಂದೆ ಚಾಚಿದ ಬೀಡಿಯನ್ನು ಮರ್ಯಾದೆಯಿಂದ ಪಡೆದು, ಕಿವಿಯ ಮೇಲೆ ಇಟ್ಟುಕೊಂಡು ಕರ್ತವ್ಯ ಮುಂದುವರಿಸತಕ್ಕದ್ದು. ಎರಡೂ ಕಿವಿ ತುಂಬಿದಲ್ಲಿ ತಪಾಸಣೆಯನ್ನು ಮರುದಿನಕ್ಕೆ ಮುಂದೂಡತಕ್ಕದ್ದು.

೪. ಫಲಕದ ಹಿಂಬದಿಯಲ್ಲಿ ಏನೂ ಬರೆದಿಲ್ಲದ ಕಾರಣ ಅಲ್ಲಿ ನಿಷೇಧ ಅನ್ವಯವಾಗುತ್ತದೆಯೇ ಎಂಬ ಸಂಶಯ ಉದ್ಭವಿಸಿದ್ದು, ಕಳೆದ ವಾರ ಮಧ್ಯಾಹ್ನ ಕೆಳಸಹಿದಾರರು ಖುದ್ದಾಗಿ ಸ್ಥಳ ಪರಿಶೀಲನೆ ಕೈಗೊಂಡರು. ಪರಿಶೀಲನೆಯು ಅರ್ಧ ಬೀಡಿಯವರೆಗೆ ಶಾಂತಿಯುತವಾಗಿ ನಡೆಯಿತು. ಮಧ್ಯಾಹ್ನ ನೆರಳು ಹಿಂಬದಿಗೇ ಬೀಳುತ್ತದೆ ಎಂಬ ಅಂಶವನ್ನು ಅವರು ಗಮನಿಸಿರಲಿಲ್ಲ. ಕೊಪ್ಪಳದ ಕಾಲೇಜಿನಿಂದ ಬಂದ ಬಸ್ಸಿಳಿದು ನೆರಳಿಗೆ ಬಂದ ಗಂಗಾ ಇವರು, ಅಂದರೆ ಕೆಳಸಹಿದಾರರ ಮಗಳು, ವೇಲನ್ನು ಮೂಗಿಗೆ ಹಿಡಿದು, ಅಲ್ಲಿ ಕುಳಿತಿದ್ದ ನಸೀಮಾಬಿ ಅವರಿಗೆ, "ಸ್ವಲ್ಪ ಸರೀರಿ ಚಾಚಿ, ಸಾಹೇಬ್ರು ಇನ್‌ಸ್ಪೆಕ್ಷನ್ ಮಾಡಾಕತ್ಯಾರ" ಎಂದರು. ನಸೀಮಾಬಿ ಅವರು ನಗು ತಡೆಯಲು ಯಾವುದೇ ಪ್ರಯತ್ನ ಮಾಡಿರುವುದಿಲ್ಲ.

೫. ಅಂದಿನಿಂದ ಸದರಿ ಗಂಗಾ ಇವರು ಮನೆಯಲ್ಲಿಯೂ ಕೆಳಸಹಿದಾರರನ್ನು 'ಅಪ್ಪ' ಎನ್ನುವುದನ್ನು ನಿಲ್ಲಿಸಿದ್ದಾರೆ. ಎದುರಿಗೇ ಕುಳಿತಿದ್ದರೂ, "ಅವ್ವಾ, ಸಾಹೇಬ್ರಿಗೆ ಇನ್ನೊಂದ್ ರೊಟ್ಟಿ ಬೇಕೇನು ಕೇಳು" ಎನ್ನುತ್ತಾರೆ. ಕಚೇರಿಯಲ್ಲಿ ಈ ಪದ ಕೇಳಲು ಇಷ್ಟು ವರ್ಷ ಹಂಬಲಿಸಿದ್ದ ಕೆಳಸಹಿದಾರರು ಈಗ ಅದನ್ನು ಕೇಳಿ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಾರೆ ಎಂಬುದನ್ನು ದಾಖಲಿಸಲಾಗಿದೆ.

೬. ಆದ್ದರಿಂದ ಅಂತಿಮವಾಗಿ ಆದೇಶಿಸಲಾಗಿದೆ: ಸೇದುವವರಿಗೆ ಸದರಿ ನೆರಳಿನ ಹಕ್ಕು ಇರುವುದಿಲ್ಲ. ಮೊದಲ ಪ್ರಕರಣವಾಗಿ ಕೆಳಸಹಿದಾರರು ದಿನಾಲೂ ಕಾಲೇಜಿನ ಬಸ್ಸು ಬರುವ ಹೊತ್ತಿಗೆ ಬಿಸಿಲಿನಲ್ಲಿ, ಕಾಣುವಂತೆ, ಬರಿಗೈಯಲ್ಲಿ ನಿಲ್ಲತಕ್ಕದ್ದು. ಸಂಜೆ ಅವರ ಅಂಗಿಯ ಜೇಬು ಮೂಸಿ ನೋಡುವ ಅಧಿಕಾರವನ್ನು ಕುಮಾರಿ ಗಂಗಾ ಇವರಿಗೆ ವಹಿಸಲಾಗಿದೆ. ಅವರ ತೀರ್ಪಿನ ಮೇಲೆ ಮೇಲ್ಮನವಿ ಇರುವುದಿಲ್ಲ. ಅವ್ವನ ಹತ್ತಿರವೂ ಇರುವುದಿಲ್ಲ.

(ಸಹಿ)
ಲಕ್ಷ್ಮಣಪ್ಪ
ಆರೋಗ್ಯ ನಿರೀಕ್ಷಕರು (ಕಾಯಂ)
ಗಂಗಾಳ ಅಪ್ಪ (ಅಮಾನತಿನಲ್ಲಿ)

ಪ್ರತಿಗಳು:
೧. ಮೇಲಧಿಕಾರಿಗಳಿಗೆ, ಮೋಡದ ವಿಷಯದ ಮಟ್ಟಿಗೆ ಮಾತ್ರ.
೨. ಜಿಲಾನಿ ಇವರಿಗೆ, ಹಗ್ಗದಿಂದ ದೂರ ಇಡಲು.
೩. ಪಕ್ಕೀರಪ್ಪ ಇವರಿಗೆ, ಎರಡು ಬೀಡಿಗಳೊಂದಿಗೆ ವಾಪಸು.
೪. ನಸೀಮಾಬಿ ಅವರಿಗೆ, ಊರಿಗೆಲ್ಲ ಹೇಳಿದ್ದು ಸಾಕೆಂಬ ವಿನಂತಿಯೊಂದಿಗೆ.
೫. ಕುಮಾರಿ ಗಂಗಾ ಇವರಿಗೆ, ಮಾಹಿತಿಗಾಗಿ ಹಾಗೂ ಮರುನೇಮಕಾತಿಗಾಗಿ.