ದ್ವೀಪಕ್ಕೆ ಹೊರಟವರಿಗೆ ಹಿತವಚನ ಹೇಳಿದವರಿಗೆ

ಮಾನ್ಯ ಹಿತವಚನಕಾರರೇ,

ಅಂತರ್ಜಾಲದಲ್ಲಿ ‘ದ್ವೀಪಯಾನಕ್ಕೆ ಹತ್ತು ಹಿತವಚನ’ ಬರೆದು, ಹೆಸರನ್ನು ಮಾತ್ರ ಬರೆಯಲು ಮರೆತಿರುವ ತಮಗೆ ಹೊಸೂರಿನ ಲಾರಿ ಕಾರ್ಖಾನೆಯ ಫಿಟ್ಟರ್ ಭೈರೇಶನ ಸಾಷ್ಟಾಂಗ ನಮಸ್ಕಾರಗಳು.

ಸಮುದ್ರವನ್ನೇ ಕಾಣದ ನನ್ನ ತಾಯಿ ಮುನಿವೆಂಕಟಮ್ಮನವರನ್ನು ಅರಬ್ಬೀ ಸಮುದ್ರದ ನಡುವಿನ ಆ ದ್ವೀಪಕ್ಕೆ ಕರೆದೊಯ್ಯುವ ಧೈರ್ಯ ಬಂದದ್ದೇ ತಮ್ಮ ಮೊದಲನೆಯ ವಚನದಿಂದ: ‘ಮೇ ಕೊನೆಯ ವಾರ ಅತ್ಯಂತ ಪ್ರಶಸ್ತ.’ ಯಾರಿಗೆ ಪ್ರಶಸ್ತವೆಂದು ತಾವು ಬರೆದಿರಲಿಲ್ಲ. ಬಿರುಗಾಳಿಗೆ ಎಂದು ಹೋದ ಮೇಲೆ ತಿಳಿಯಿತು. ಶುಕ್ರವಾರ ನಮ್ಮನ್ನು ವಾಪಸು ಒಯ್ಯಬೇಕಿದ್ದ ಹಡಗು ಅಲೆಗಳ ಎತ್ತರಕ್ಕೆ ಹೆದರಿ ಬರಲೇ ಇಲ್ಲ. ಸೋಮವಾರ ನನಗೆ ಲೈನ್ ಲೀಡರ್ ಹುದ್ದೆಯ ಸಂದರ್ಶನವಿತ್ತು. ಎಂಟು ವರ್ಷ ಕಾದಿದ್ದೆ. ಇದನ್ನು ವಿವರಿಸಿದಾಗ ಅಮ್ಮ, “ಹಡಗು ಬರ್ದಿದ್ರೆ ಬ್ಯಾಡ ಬಿಡ್ಲಾ, ಬಸ್ಸಿಗೆ ಹೋಗಣ ನಡಿ” ಎಂದರು.

‘ಫೋನ್ ಸಿಗದು, ಮನಸ್ಸಿಗೆ ವಿಶ್ರಾಂತಿ’ ಎಂಬ ನಾಲ್ಕನೆಯ ವಚನ ಅಕ್ಷರಶಃ ಸತ್ಯ. ಹಡಗು ನಿಲ್ಲುವ ಜೆಟ್ಟಿಯ ತುದಿಯಲ್ಲಿ ಒಂದು ಕಾಲನ್ನು ಕಂಬಕ್ಕೆ ಆನಿಸಿ ನಿಂತರೆ ಮಾತ್ರ ಸಿಗ್ನಲ್. ಹಾಗೆ ನಿಂತು, “ಸಾರ್, ಸಮುದ್ರ ದಾಟಕ್ಕಾಗ್ತಿಲ್ಲ” ಎಂದೆ. ನಾನು ರಜೆ ಹಾಕಿ ಎಲ್ಲಿಗೆ ಹೋಗಿದ್ದೇನೆಂದು ತಿಳಿಯದ ನಮ್ಮ ಸೂಪರ್‌ವೈಸರ್ ಲಕ್ಷ್ಮೀಪತಿಯವರು, “ಹೊಸೂರ್ನಾಗೆ ಯಾವ್ ಸಮುದ್ರ ಐತೆ ಕಣ್ಲಾ? ಬೆಳಿಗ್ಗೇನೆ ಕುಡ್ಕಂಬುಟ್ಯೇನ್ಲಾ?” ಎಂದು ಫೋನ್ ಇಟ್ಟುಬಿಟ್ಟರು. ಹುದ್ದೆ ನನ್ನ ಜೊತೆಯ ಫಿಟ್ಟರ್ ಅಂಬರೀಶನಿಗೆ ಹೋಯಿತು.

‘ಊಟದ ಸಾಮಾನು ಒಯ್ಯಬೇಡಿ, ಅಲ್ಲಿನ ರುಚಿ ಸವಿಯಿರಿ’ ಎಂಬ ಏಳನೆಯ ವಚನವನ್ನು ಅಮ್ಮ ಪಾಲಿಸಲಿಲ್ಲ. ಕ್ಷಮಿಸಬೇಕು, ಅವರಿಗೆ ಓದಲು ಬಾರದು. ಹಡಗಿಲ್ಲದೆ ದ್ವೀಪದ ಅಂಗಡಿಯಲ್ಲಿ ಅಕ್ಕಿ ಮುಗಿದಾಗ, ಅವರ ಚೀಲದಲ್ಲಿದ್ದ ರಾಗಿಹಿಟ್ಟೇ ನಮ್ಮನ್ನೂ ನಾವು ತಂಗಿದ್ದ ಮನೆಯವರನ್ನೂ ಸಾಕಿತು. ಮನೆಯೊಡತಿ ಮುದ್ದೆಯನ್ನು ಮೀನುಸಾರಿನಲ್ಲಿ ಅದ್ದಿ ಅಗಿಯದೆ ನುಂಗಲು ಕಲಿತರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಇಬ್ಬರೂ ದಿನವಿಡೀ ನಗುತ್ತಿದ್ದರು. ನಾನೊಬ್ಬನೇ ಅಲೆ ಎಣಿಸುತ್ತ, ಹಲ್ಲು ಕಡಿಯುತ್ತ ಕೂತಿದ್ದೆ. ಕಡೆಗೂ ಒಂಬತ್ತನೆಯ ದಿನ ಹಡಗು ಬಂದಾಗ ಅಮ್ಮ ಹತ್ತಲೊಲ್ಲೆ ಎಂದು ಮನೆಯೊಡತಿಯನ್ನು ತಬ್ಬಿಕೊಂಡು ಅತ್ತರು. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಉಳಿದರ್ಧವನ್ನು ತಮಗೆ ಅರ್ಪಿಸುತ್ತಿದ್ದೇನೆ.

ಜೊತೆಗೊಂದು ಸಣ್ಣ ಕೋರಿಕೆ: ಆ ಸಮುದ್ರವನ್ನು ದಯಮಾಡಿ ಬಾಗಲೂರು ರಸ್ತೆಯಲ್ಲಿ ನಮ್ಮ ಶಿಫ್ಟ್ ಬಸ್ಸು ನಿಲ್ಲುವಲ್ಲಿಗೆ ತರಿಸಿ, ಲಕ್ಷ್ಮೀಪತಿಯವರಿಗೆ ಒಮ್ಮೆ ತೋರಿಸಬೇಕು. ಮೊಣಕಾಲುದ್ದ ಇದ್ದರೂ ಸಾಕು.

ತಮ್ಮನ್ನು ನಂಬಿ ಕೆಟ್ಟ, ಆದರೂ ತಮ್ಮ ವಿಶ್ವಾಸಿ,
ಭೈರೇಶ್

ವಿ.ಸೂ.: ತಮ್ಮ ಬರಹದ ಪಕ್ಕದಲ್ಲಿದ್ದ ತಮ್ಮ ಮುಖದ ಫೋಟೊವನ್ನು, ದ್ವೀಪಕ್ಕೆ ಬಂದುಹೋದವರನ್ನೆಲ್ಲ ಬಲ್ಲ ಮನೆಯೊಡತಿಗೆ ತೋರಿಸಿದೆ. ಅವರ ಮಲಯಾಳಂ ನನ್ನ ತಮಿಳಿಗೆ ಅರ್ಥವಾದ ಮಟ್ಟಿಗೆ, ತಾವು ಆ ದ್ವೀಪಕ್ಕೆ ಈವರೆಗೆ ಕಾಲಿಟ್ಟೇ ಇಲ್ಲವಂತೆ. ಹೋಗುವ ಮನಸ್ಸಿದ್ದರೆ ಬರೆಯಿರಿ. ಹೊರಡುವ ದಿನವನ್ನು ನಾನೇ ನೋಡಿ ಹೇಳುತ್ತೇನೆ. ವಾಪಸು ಬರುವ ದಿನ ಮಾತ್ರ ಕೇಳಬೇಡಿ.