ಗುಮಾಸ್ತರು ಗುಂಡಿ ತಿರುಗಿಸಿದ್ದು

ಗುಮಾಸ್ತರಿಗೆ ಅವತ್ತು ಗೋಡೆ ಒರೆಸುವ ಬುದ್ಧಿ ಯಾಕಾದರೂ ಬಂತೋ! ಹಾಲ್‌ನ ಸ್ವಿಚ್ಚಿನ ಪಕ್ಕದಲ್ಲಿದ್ದ ಗುಂಡಿಯ ಮೇಲೂ ಬಟ್ಟೆ ಆಡಿಸಿದರು, ಗುಂಡಿ ತಿರುಗಿತು. ಚಾವಣಿಯೊಳಗೆ ಸಾಲಾಗಿ ಕೂತಿದ್ದ ಆರು ಪುಟ್ಟ ದೀಪಗಳು ಮಂದವಾದವು. ಮಂದವಾಗಿ ಸುಮ್ಮನಿರಬಾರದೇ? ಪಟಪಟನೆ ಮಿಣುಕತೊಡಗಿದವು. ಮೇಲಿಂದ ಗುಂಯ್ ಎನ್ನುವ ಸದ್ದು ಬೇರೆ.

"ಏನ್ರೀ ಅದು? ಕೆಡಿಸಿದ್ರಾ?" ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

"ನಾನೇನೂ ಮಾಡ್ಲಿಲ್ಲ ಕಣೇ, ಬರೀ ಒರೆಸಿದೆ!"

ಗುಮಾಸ್ತರು ಗಡಿಯಾರದತ್ತ ಓಡಿದರು. ಓಡದೆ ಏನು? ಸಂಜೆ ನಾಲ್ಕಕ್ಕೆ ಮನೆಯ ಓನರ್ ಬರುವವರಿದ್ದರು, ಬಾಡಿಗೆ ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುವುದೋ ಬೇಡವೋ ನೋಡಲು. ಬೀಗದ ಕೈ ಕೊಟ್ಟ ದಿನವೇ ಅವರು, "ಆ ಗುಂಡಿ ಮಾತ್ರ ಮುಟ್ಟಬೇಡಿ, ಪೂರ್ತಿ ಬೆಳಕಲ್ಲೇ ಇರಲಿ" ಎಂದು ಕಣ್ಣು ಬಿಟ್ಟು ಹೇಳಿದ್ದರು. ಹಿಂದಿನ ಬಾಡಿಗೆಯವರನ್ನು ಒಂದೇ ಒಂದು ಮೊಳೆ ಹೊಡೆದ ತಪ್ಪಿಗೆ ಎಬ್ಬಿಸಿದ ಮಹಾನುಭಾವ! ಮಗಳ ಶಾಲೆ ಕೂಗಳತೆಯಲ್ಲಿದ್ದ ಮನೆ ಇದು, ಎರಡು ವರ್ಷದಲ್ಲಿ ಮೂರನೆಯದು. ಇನ್ನೊಂದು ಸಲ ಮನೆ ಬದಲಿಸಿ ಪಾತ್ರೆ ಕಟ್ಟಿಸಿದರೆ ತಾನು ತವರಿಗೇ ಹೋಗುವುದಾಗಿ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಸಾಲದ್ದಕ್ಕೆ ಗುಮಾಸ್ತರ ನೌಕರಿ ವಿಮಾ ಕಚೇರಿಯಲ್ಲಿ, ಬೆಂಕಿ ಅನಾಹುತದ ವಿಭಾಗದಲ್ಲಿ. 'ಮೊದಲು ದೀಪ ಮಿಣುಕಿತು, ಆಮೇಲೆ...' ಎಂದು ಶುರುವಾಗುವ ಅರ್ಜಿಗಳನ್ನು ಓದಿ ಓದಿ ಬೆಂಕಿಕಡ್ಡಿ ಕಂಡರೂ ಬೆಚ್ಚುವ ಜೀವ ಅದು. ಆ ಗುಂಡಿಯನ್ನು ಮತ್ತೆ ಮುಟ್ಟಿ ಹಿಂದಕ್ಕೆ ತಿರುಗಿಸುವ ಧೈರ್ಯ ಎಲ್ಲಿಂದ ಬರಬೇಕು?

ಗಲಾಟೆ ಕೇಳಿ ಮೇಲಿನ ಮನೆಯ ನಿವೃತ್ತ ವ್ಯಾನ್ ಡ್ರೈವರ್ ಇಳಿದು ಬಂದರು. ಯಾರೂ ಕರೆದಿರಲಿಲ್ಲ. "ಇದು ಹನ್ನೆರಡು ವೋಲ್ಟಿನ ದೀಪ ರೀ. ನನ್ನ ವ್ಯಾನಿಂದೂ ಹನ್ನೆರಡೇ. ಮೂವತ್ತು ವರ್ಷ ನಾನೇ ರಿಪೇರಿ ಮಾಡ್ಕೊಂಡಿದ್ದೀನಿ. ಹತ್ತಿ ಮೇಲೆ!"

"ಯಾರು?"

"ನೀವೇ. ನನಗೆ ಮಂಡಿ ನೋವು."

ರಬ್ಬರ್ ಚಪ್ಪಲಿ ಮೆಟ್ಟಿ, ಪಾತ್ರೆ ತೊಳೆಯುವ ಕೈಗವಸು ಹಾಕಿಕೊಂಡು, ಇದ್ದಬದ್ದ ದೇವರನ್ನೆಲ್ಲ ನೆನೆಯುತ್ತ ಗುಮಾಸ್ತರು ಮೇಜು ಹತ್ತಿದರು. "ಎಳೀರಿ, ಕಚ್ಚಲ್ಲ!" ಎಂದು ಡ್ರೈವರ್ ಕೆಳಗಿಂದ ಹುರಿದುಂಬಿಸಿದರು. ಎಳೆದಿದ್ದೇ ತಡ, ದೀಪದ ಹಿಂದೆಯೇ ಒಂದು ಕರಿ ಡಬ್ಬಿ ಜಾರಿ ಬಂದು ಅವರ ಮೂಗಿನ ಮುಂದೆ ಜೋತಾಡಿತು. ಜೊತೆಗೆ ಅಂಗೈಯಗಲ ಗಾರೆ ಉದುರಿತು. ಗುಮಾಸ್ತರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಬಿಟ್ಟರೆ ಏನಾಗುತ್ತದೋ, ಹಿಡಿದರೆ ಏನಾಗುತ್ತದೋ!

"ಹಾಗೇ ಇರಿ, ಅಲ್ಲಾಡಬೇಡಿ," ಎಂದ ಹೆಂಡತಿ ಎಲೆಕ್ಟ್ರಿಶಿಯನ್ನಿಗೆ ಫೋನ್ ಮಾಡಿದಳು.

ಮುಕ್ಕಾಲು ಗಂಟೆಯ ಮೇಲೆ ಬಂದ ಎಲೆಕ್ಟ್ರಿಶಿಯನ್ ಗಟ್ಟಿಗಿತ್ತಿ ಹೆಂಗಸು. ಮೇಲೆ ನೋಡಿ ಬಾಗಿಲಲ್ಲೇ ನಿಂತಳು. "ದೀಪಕ್ಕೆ ಹೋಗೋದು ಹನ್ನೆರಡು ವೋಲ್ಟು ಸಾರ್. ನೀವು ಹಿಡಿದಿರೋ ಡಬ್ಬಿಗೆ ಬರೋದು ಇನ್ನೂರ ಮೂವತ್ತು. ಮೇನ್ ಆಫ್ ಮಾಡಿದ್ದೀರಿ ತಾನೇ?"

ಗುಮಾಸ್ತರು ಹೆಂಡತಿಯನ್ನು ನೋಡಿದರು. ಹೆಂಡತಿ ಡ್ರೈವರನ್ನು ನೋಡಿದಳು. ಡ್ರೈವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಮೇನ್ ಆಫ್ ಆಗಿ, ಗುಮಾಸ್ತರನ್ನು ಇಳಿಸಿ ನೀರು ಕುಡಿಸಿದ ಮೇಲೆ ಎಲೆಕ್ಟ್ರಿಶಿಯನ್ ಡಬ್ಬಿಯನ್ನು ಪರೀಕ್ಷಿಸಿ, ಗುಂಡಿ ಬಿಚ್ಚಿದಳು. "ಡಬ್ಬಿ ಚೆನ್ನಾಗಿದೆ, ದೀಪಾನೂ ಸರಿ ಇದೆ. ಬೆಳಕು ಏರಿಸಿ ಇಳಿಸೋ ಈ ಡಿಮ್ಮರ್ ಹಳೇ ದೊಡ್ಡ ಬಲ್ಬುಗಳಿಗೆ ಅಂತ ಮಾಡಿದ್ದು. ಆಮೇಲೆ ಯಾರೋ ಎಲ್‌ಇಡಿ ಹಾಕ್ಸಿದ್ದಾರೆ. ಇವು ಎಳೆಯೋ ಕರೆಂಟು ಇದರ ಗಮನಕ್ಕೇ ಬರಲ್ಲ, ಅದಕ್ಕೇ ತಡವರಿಸುತ್ತೆ. ಎಲ್‌ಇಡಿಗೆ ಒಪ್ಪೋ ಡಿಮ್ಮರ್ ಹಾಕಿಬಿಡ್ತೀನಿ."

"ನೋಡೋಕೆ ಥೇಟ್ ಹೀಗೇ ಇರಬೇಕಮ್ಮಾ! ಓನರಿಗೆ ಗೊತ್ತಾದ್ರೆ ನಮ್ಮ ಕತೆ ಮುಗೀತು," ಎಂದರು ಗುಮಾಸ್ತರು.

ಅವಳು ಕೆಲಸ ಮುಗಿಸಿ ಹೊರಟಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಉದುರಿದ ಗಾರೆಯ ಜಾಗಕ್ಕೆ ಹೆಂಡತಿ ಮೇಜು ಹತ್ತಿ ಟೂತ್‌ಪೇಸ್ಟ್ ಮೆತ್ತಿ ಇಳಿದಳೋ ಇಲ್ಲವೋ, ಕರೆಗಂಟೆ ಸದ್ದು ಮಾಡಿತು.

ಓನರ್ ಕೂರಲಿಲ್ಲ. ಮೂಗರಳಿಸಿ, "ಏನೋ ಪುದೀನ ವಾಸನೆ," ಎಂದರು. ಗುಮಾಸ್ತರು ಓಡಿಹೋಗಿ ಕಿಟಕಿ ತೆರೆದರು. ಓನರ್ ನೆಟ್ಟಗೆ ಗುಂಡಿಯ ಹತ್ತಿರ ಹೋಗಿ ಅದನ್ನು ಕೆಳಮಟ್ಟಕ್ಕೆ ತಿರುಗಿಸಿದರು. ಗುಮಾಸ್ತರು ಕಣ್ಣು ಮುಚ್ಚಿದರು.

ಸದ್ದಿಲ್ಲ. ಕಣ್ಣು ತೆರೆದರೆ ಆರೂ ದೀಪಗಳು ಮಂದವಾಗಿ, ಒಂದಿಷ್ಟೂ ಅಲುಗದೆ ಉರಿಯುತ್ತಿದ್ದವು. ಓನರ್ ಮಿಕಮಿಕ ನೋಡುತ್ತಲೇ ಇದ್ದರು. ಮತ್ತೆ ಏರಿಸಿದರು, ಮತ್ತೆ ಇಳಿಸಿದರು. ಆಮೇಲೆ ಗುಮಾಸ್ತರ ಕಡೆ ತಿರುಗಿದರು. "ಯಾರ್ರೀ ಇದನ್ನ ಸರಿ ಮಾಡಿದ್ದು?"

ಹೊಗಳುವವರ ದನಿ! ಗುಮಾಸ್ತರಿಗೆ ಹೋದ ಜೀವ ಬಂತು. "ನಾನೇ ಸಾರ್," ಎಂದುಬಿಟ್ಟರು.

ಓನರ್ ಅವರ ಕೈ ಹಿಡಿದುಕೊಂಡರು. "ಆರು ವರ್ಷ! ಎಷ್ಟು ಜನಕ್ಕೆ ತೋರಿಸಿದೆ, ಯಾರ ಕೈಲೂ ಆಗ್ಲಿಲ್ಲ. ನನ್ನ ಹೆಂಡತಿಗೆ ಮಂದ ಬೆಳಕೇ ಬೇಕು, ಈ ಮಿಣುಕಾಟ ನೋಡಿದ್ರೆ ತಲೆನೋವು. ಅದಕ್ಕೇ ಕಣ್ರೀ ನಾವು ಸ್ವಂತ ಮನೆ ಬಿಟ್ಟು ಮಗನ ಮನೇಲಿ ಬಿದ್ದಿರೋದು. ಇನ್ನೇನು ತೊಂದ್ರೆ? ತಿಂಗಳ ಕೊನೆಗೆ ಖಾಲಿ ಮಾಡಿಕೊಡಿ, ನಾವೇ ಬಂದುಬಿಡ್ತೀವಿ. ನಿಮ್ಮ ಉಪಕಾರ ಮರೆಯಲ್ಲ!"

ಅವರು ಕುಣಿಯುವುದೊಂದು ಬಾಕಿ ಎಂಬಂತೆ ಮೆಟ್ಟಿಲಿಳಿದು ಹೋದರು. ಹೆಂಡತಿ ಅಟ್ಟ ಹತ್ತಿದಳು. ಅಟ್ಟದಿಂದ ರಟ್ಟಿನ ಪೆಟ್ಟಿಗೆಗಳು ಒಂದೊಂದಾಗಿ ಧೊಪ್ಪೆಂದು ಬೀಳತೊಡಗಿದವು. ಗುಮಾಸ್ತರು ಬಚ್ಚಲುಮನೆಗೆ ನುಗ್ಗಿ ಚಿಲಕ ಹಾಕಿಕೊಂಡು, ಎಲೆಕ್ಟ್ರಿಶಿಯನ್ನಿಗೆ ಫೋನ್ ಮಾಡಿದರು.

"ತಾಯೀ, ಆ ದೀಪ ಮತ್ತೆ ಯಾವಾಗ ಮಿಣುಕಬಹುದು?"

"ಅಯ್ಯೋ, ಇನ್ನೂ ಭಯಾನಾ ಸಾರ್? ನೆಮ್ಮದಿಯಾಗಿ ಮಲಗಿ," ಎಂದಳು ಅವಳು. "ಐದು ವರ್ಷ ಗ್ಯಾರಂಟಿ."