ಎಂಟು ಕಂಬದ ಮೈದಾನ

ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೂ ಸರ್ಕಾರಿ ಅಂದಾಜು ಪಟ್ಟಿ ಬರೆಯುವ ನನಗೂ ಅಂಥ ವ್ಯತ್ಯಾಸವೇನಿಲ್ಲ. ಗಿರಾಕಿ ಅರ್ಧಕ್ಕೆ ಕೇಳುತ್ತಾನೆಂದು ಅವಳು ಎರಡರಷ್ಟು ಹೇಳುತ್ತಾಳೆ. ಬೆಂಗಳೂರಿನ ಸಾಹೇಬರು ಅರ್ಧ ಕಡಿಯುತ್ತಾರೆಂದು ನಾನು ಎರಡರಷ್ಟು ಬರೆಯುತ್ತೇನೆ. ಅವಳ ತಲೆಯ ಮೇಲೆ ಬುಟ್ಟಿ, ನನ್ನ ತಲೆಯ ಮೇಲೆ ರುಮಾಲು, ಅಷ್ಟೇ.

ಎರಡನೇ ಮಹಾಯುದ್ಧ ಮುಗಿದ ಹೊಸತು. ನಮ್ಮ ದೊಡ್ಡಬಳ್ಳಾಪುರಕ್ಕೆ ಸರ್ಕಾರದ ದುಡ್ಡಿನಲ್ಲಿ ಫುಟ್‌ಬಾಲ್ ಮೈದಾನ, ಜನ ಕೂರಲು ಕಲ್ಲಿನ ಮೆಟ್ಟಿಲು ಆಗಬೇಕೆಂದು ತೀರ್ಮಾನವಾಯಿತು. ಅಂದಾಜು ಬರೆಯುವುದು ನನ್ನ ಪಾಲಿಗೆ ಬಂತು. ಗೋಲಿಗೆ ನಾಲ್ಕು ಕಂಬ ಸಾಕು; ರೂಢಿಯಂತೆ ಎಂಟು ಬರೆದೆ. ನನ್ನ ಗ್ರಹಚಾರ! ಹೊಸದಾಗಿ ಬಂದಿದ್ದ ಸಾಹೇಬರು ಒಂದು ಕಾಸೂ ಕಡಿಯದೆ ಮಂಜೂರು ಮಾಡಿ, ಪಟ್ಟಿಯಲ್ಲಿರುವಂತೆಯೇ ಕೆಲಸವಾಗಬೇಕೆಂದೂ ಉದ್ಘಾಟನೆಗೆ ತಾವೇ ಬಂದು ನೋಡುವುದಾಗಿಯೂ ಷರಾ ಬರೆದರು. ಕಂಬ ಕಡಿಮೆಯಾದರೆ ಕಳ್ಳ ಎನ್ನುತ್ತಾರೆ, ಎಂಟೂ ನೆಟ್ಟರೆ ಹುಚ್ಚ ಎನ್ನುತ್ತಾರೆ. ಕಳ್ಳನಿಗಿಂತ ಹುಚ್ಚನೇ ವಾಸಿ ಎಂದು ಎಂಟೂ ನೆಡಿಸಿದೆ. ಮೈದಾನದ ನಾಲ್ಕು ದಿಕ್ಕಿಗೂ ಒಂದೊಂದು ಗೋಲು! ನನ್ನಾಕೆ, “ಕೆಲ್ಸ ಹೋದ್ರೆ ಹೋಗ್ಲಿ ಬಿಡಿ, ಮನೇಲೇ ಮಗ್ಗ ಹಾಕ್ಕೊಳ್ಳೋಣ” ಎಂದು ಧೈರ್ಯ ಹೇಳಿದಳು. ಅದನ್ನು ಕೇಳಿ ಇದ್ದ ಧೈರ್ಯವೂ ಹೋಯಿತು.

ಉದ್ಘಾಟನೆಯ ದಿನ ಸಾಹೇಬರು ಕಂಬಗಳನ್ನು ನೋಡಿ ಹುಬ್ಬೇರಿಸಿದರು. ಅತ್ತ ಮೊದಲ ಪಂದ್ಯ ಯಾರು ಆಡಬೇಕೆಂದು ಕೋಟೆ ಬೀದಿಯ ತಂಡಕ್ಕೂ ಪೇಟೆ ಬೀದಿಯ ತಂಡಕ್ಕೂ ಬೆಳಗಿನಿಂದ ಜಗಳ. ಅವರ ಎದುರಾಳಿಗಳಾಗಿ ಬಂದಿದ್ದ ದೇವನಹಳ್ಳಿಯವರೂ ಹೊಸಕೋಟೆಯವರೂ ಕಾದು ಬೇಸತ್ತಿದ್ದರು. ಆಗ ಪೇಟೆ ಬೀದಿಯ ನಾಯಕ, ನೇಕಾರ ಮುನಿಯಪ್ಪ, ಮುಂದೆ ಬಂದ.

“ಅದ್ಕೇ ಸ್ವಾಮಿ ನಮ್ ಗುಮಾಸ್ತ್ರು ನಾಕ್ ಗೋಲು ಮಡಗ್ಸಿರೋದು! ಎರಡು ಆಟಾನೂ ಒಟ್ಗೇ ಆಡ್ಬುಡ್ತೀವಿ!”

ಒಂದು ಪಂದ್ಯ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ. ನಡುವೆ ನಾಲ್ಕೂ ತಂಡ ಕಲಸುಮೇಲೋಗರ. ಯಾರ ಚೆಂಡೋ ಯಾರ ಕಾಲಿಗೋ. ದೇವನಹಳ್ಳಿಯವನೊಬ್ಬ ಹೊಸಕೋಟೆಯವರಿಗೆ ಗೋಲು ಹೊಡೆದುಕೊಟ್ಟ. ಮೆಟ್ಟಿಲ ಮೇಲೆ ಜನ ಕೇಕೆ ಹಾಕಿದರು. ಸಾಹೇಬರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನಾನಂತೂ ಖುಷಿ ತಡೆಯಲಾಗದೆ ನಿಂತಲ್ಲೇ ಕುಣಿದುಬಿಟ್ಟೆ.

ಹೊರಡುವಾಗ ಸಾಹೇಬರು ನನ್ನ ಭುಜ ತಟ್ಟಿ, “ರೀ, ಇನ್ಮೇಲೆ ಬೇಕಾದಷ್ಟನ್ನೇ ಬರೀರಿ, ಪೂರ್ತಿ ಕೊಡ್ತೀನಿ” ಎಂದರು. ಆಟಗಾರರಿಗೆ ಬಟ್ಟೆ ಬದಲಿಸಲು ಒಂದು ಕೋಣೆ ಬೇಕಿತ್ತು. ಜೀವಮಾನದಲ್ಲೇ ಮೊದಲ ಸಲ ಸತ್ಯವಾದ ಅಂದಾಜು ಬರೆದೆ: ಗೋಡೆ ಆಳೆತ್ತರ. ಅದು ಬೆಂಗಳೂರು ಮುಟ್ಟುವಷ್ಟರಲ್ಲಿ ಸಾಹೇಬರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರು ಪದ್ಧತಿ ಬಲ್ಲವರು. ಸರಿಯಾಗಿ ಅರ್ಧ ಕಡಿದರು. ಕೋಣೆಯ ಗೋಡೆ ಈಗ ಸೊಂಟದವರೆಗಿದೆ. ನಾನು ಆ ಕಡೆ ಹೋದರೆ ಸಾಕು, ಒಳಗೆ ಕುಕ್ಕರುಗಾಲಲ್ಲಿ ಕೂತು ಬಟ್ಟೆ ಬದಲಿಸುತ್ತಿರುವ ಮುನಿಯಪ್ಪ ಕೂಗುತ್ತಾನೆ: “ಗುಮಾಸ್ತ್ರೇ, ನಿಜ ಬರ್ದು ನಮ್ ಮಾನ ಕಳೆದ್ಬಿಟ್ರಲ್ಲಾ!”